ಇಬ್ಬರು ಮಾತಾಡುವುದೇ ಇಡೀ ಸಿನಿಮಾ ಆದಾಗ, ಬೋರ್ ಆಗದಂತೆ ಚಿತ್ರೀಕರಿಸುವುದು ಹೇಗೆ?

ಮಾತಾಡುವವರಿಗಿಂತ ಕೇಳಿಸಿಕೊಳ್ಳುವವರ ಮುಖ ಹೆಚ್ಚು ತೋರಿಸಿ. ಮಾತು ಹೇಗೂ ಕಿವಿಗೆ ಬೀಳುತ್ತದೆ. ಅದು ಎದುರಿನವರಿಗೆ ಎಲ್ಲಿ ನಾಟಿತು ಎಂಬುದು ಮುಖದಲ್ಲೇ ಕಾಣಬೇಕು. ಅದಕ್ಕಾಗಿ ಇಡೀ ದೃಶ್ಯವನ್ನು ಇಬ್ಬರ ಕಡೆಯಿಂದಲೂ ಪೂರ್ತಿ ಶೂಟ್ ಮಾಡಿ, ಅವರವರ ಡೈಲಾಗ್ ಇರುವಷ್ಟೇ ಅಲ್ಲ. ಎಡಿಟಿಂಗ್‌ನಲ್ಲಿ ಧ್ವನಿಯನ್ನೂ ಚಿತ್ರವನ್ನೂ ಒಂದೇ ಜಾಗದಲ್ಲಿ ಕತ್ತರಿಸಬೇಡಿ: ಮಾತು ಮುಗಿಯುವ ಅರ್ಧ ಸೆಕೆಂಡ್ ಮೊದಲೇ ಎದುರಿನ ಮುಖಕ್ಕೆ ಹೋಗಿ. ಇಲ್ಲದಿದ್ದರೆ ದೃಶ್ಯ ಟೇಬಲ್ ಟೆನಿಸ್ ಆಟದಂತಾಗುತ್ತದೆ.

ಜಗಳದಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತಾರೆ. ಹಾಗಾಗಿ ಇಬ್ಬರಿಗೂ ಬೇರೆ ಮೈಕ್, ಬೇರೆ ಟ್ರ್ಯಾಕ್ ಇರಲಿ. ಒಂದರಲ್ಲೇ ಬೆರೆತ ಧ್ವನಿಯನ್ನು ಆಮೇಲೆ ಬಿಡಿಸುವುದು ಕಷ್ಟ. ಕೊನೆಗೆ ಎಲ್ಲರೂ ಸುಮ್ಮನಿದ್ದು ಖಾಲಿ ಕೋಣೆಯ ಸದ್ದನ್ನು 30 ಸೆಕೆಂಡ್ ರೆಕಾರ್ಡ್ ಮಾಡಿಕೊಳ್ಳಿ. ಮೌನದ ಜಾಗಗಳಲ್ಲಿ ಅದನ್ನೇ ಹಾಕಬೇಕು. ಪೂರ್ತಿ ನಿಶ್ಶಬ್ದ ಬಿಟ್ಟರೆ ಆಡಿಯೋ ಕೈಕೊಟ್ಟಿತೇನೋ ಅನ್ನಿಸುತ್ತದೆ.