ಬಾಡಿಗೆ ಬರಲಿ, ಬಾಡಿಗೆದಾರ ಬೇಡ ಎಂದವರಿಗೆ

ಹುಮನಾಬಾದಿನಿಂದ ಅಬುಧಾಬಿಗೆ ಹೊಸದಾಗಿ ಬಂದಿರುವ ನೀವು ಕೇಳಿದ್ದು ಇಷ್ಟು: ಉಳಿತಾಯದಲ್ಲಿ ಕಲಬುರಗಿಯಲ್ಲೊಂದು ಮನೆ ಕೊಂಡು ಬಾಡಿಗೆಗೆ ಬಿಡಬೇಕು, ಆದರೆ ಬಾಡಿಗೆದಾರರ ತಾಪತ್ರಯ ನಿಮಗೆ ಬರಬಾರದು. ಹೇಗೆ?

ನಿಮಗೆ ಬರುವುದಿಲ್ಲ, ಊರಲ್ಲಿರುವ ತಂದೆಗೆ ಬರುತ್ತದೆ. ದುಬೈಯಲ್ಲಿರುವ ನಮ್ಮ ಕಡೆಯವರ ಮನೆಮನೆಯ ಕಥೆ ಇದು. ಏಪ್ರಿಲ್ ಬಿಸಿಲಿನಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟರೆ ಸೇಡಂ ರಸ್ತೆಯಲ್ಲಿ ಮೆಕ್ಯಾನಿಕ್‌ನನ್ನು ಹುಡುಕುತ್ತ ಅಲೆಯುವವರು ಅರವತ್ತು ದಾಟಿದ ಅಪ್ಪ. ಹನ್ನೊಂದು ತಿಂಗಳ ಕರಾರು ಮುಗಿದಾಗ ಬಾಡಿಗೆ ಏರಿಸಲು ಹೋಗಿ ನಿಷ್ಠುರವಾಗುವವನು ತಮ್ಮ. ಇಬ್ಬರಿಗೂ ಸಂಬಳವಿಲ್ಲ. ಇದರ ಮೇಲೆ, ಅನಿವಾಸಿ ಮಾಲೀಕನಿಗೆ ಬಾಡಿಗೆ ಕೊಡುವವರು ಶೇ 30ರಷ್ಟು ತೆರಿಗೆಯನ್ನು ಸೆಸ್ ಸಮೇತ ಮೂಲದಲ್ಲೇ ಕಡಿತಗೊಳಿಸಬೇಕು. ಕಿರಾಣಿ ಅಂಗಡಿಯ ಬಾಡಿಗೆದಾರನಿಗೆ ಇದನ್ನು ವಿವರಿಸುವ ಕೆಲಸವೂ ಅಪ್ಪನದೇ.

ನಿಜವಾಗಿಯೂ ಜವಾಬ್ದಾರಿ ಬೇಡವೆಂದರೆ ಬೀಗದ ಕೈಯ ಆಸೆಯನ್ನೂ ಬಿಡಬೇಕು. ರೀಟ್ ಎಂಬುದು ಅಂಥದ್ದು: ಅನೇಕರ ಹಣ ಸೇರಿಸಿ ಬಾಡಿಗೆ ತರುವ ದೊಡ್ಡ ಕಟ್ಟಡಗಳನ್ನು ಹೊಂದಿ, ಬಾಡಿಗೆಯನ್ನು ಅವರಿಗೆ ಹಂಚುವ ಟ್ರಸ್ಟ್. ಷೇರುಪೇಟೆಯ ನಿಯಂತ್ರಕ ಸೆಬಿ 2014ರಲ್ಲಿ ಇದಕ್ಕೆ ನಿಯಮ ರೂಪಿಸಿತು, 2019ರಲ್ಲಿ ಎಂಬಸಿ ಆಫೀಸ್ ಪಾರ್ಕ್ಸ್ ಎಂಬ ರೀಟ್ ಮೊದಲಿಗೆ ಷೇರುಪೇಟೆಗೆ ಬಂತು. ನಮ್ಮ ಜಿಲ್ಲೆಗಳ ಹುಡುಗರು ದುಡಿಯುವ ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್ ಇದೆಯಲ್ಲ, ಅದು ಈ ರೀಟ್‌ನದು. ಷೇರಿನಂಥ ಅದರ ಒಂದೇ ಯೂನಿಟ್ ಕೊಂಡರೂ ಅಲ್ಲಿನ ಬಾಡಿಗೆಯಲ್ಲಿ ನಿಮಗೆ ಪಾಲು. ರೀಟ್‌ನ ಆಸ್ತಿಯಲ್ಲಿ ಕನಿಷ್ಠ ಶೇ 80ರಷ್ಟು ಕಟ್ಟಿ ಮುಗಿದು ಆದಾಯ ತರುತ್ತಿರಬೇಕು, ಹಂಚಬಹುದಾದ ಹಣದಲ್ಲಿ ಶೇ 90ರಷ್ಟನ್ನು ಹಂಚಲೇಬೇಕು. ಹಣ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ.

ಆದರೆ ಇದು ಬ್ಯಾಂಕ್ ಠೇವಣಿಯಲ್ಲ. ಯೂನಿಟ್ ಬೆಲೆ ಷೇರಿನಂತೆಯೇ ಏರಿಳಿಯುತ್ತದೆ, ಕಚೇರಿಗಳು ಖಾಲಿಯಾದರೆ ಹಂಚಿಕೆ ಇಳಿಯುತ್ತದೆ. ಊರಿನ ಮದುವೆಯಲ್ಲಿ "ಮಗ ಮನೆ ಕಟ್ಟಿಸಿದ" ಎಂದು ಹೇಳಿಕೊಳ್ಳಲೂ ಬರುವುದಿಲ್ಲ. ಅನೇಕರಿಗೆ ಅದೇ ದೊಡ್ಡ ನಷ್ಟ, ನಗಬೇಡಿ.

ಇಲ್ಲಿನ ಹೋಟೆಲುಗಳಲ್ಲಿ ಆಸ್ತಿ ಮೇಳ ನಡೆಸಿ "ಖಾತರಿ ಬಾಡಿಗೆ" ಎನ್ನುವವರು ಸಿಗುತ್ತಾರೆ. ಖಾತರಿ ಕೊಡುವವರು ಯಾರು, ಅದು ಎಷ್ಟು ವರ್ಷಕ್ಕೆ ಎಂಬುದನ್ನು ಕಾಗದದಲ್ಲಿ ಕೇಳಿ; ಅರ್ಧದಷ್ಟು ಜನ ಅಲ್ಲಿಗೇ ಮಾತು ಬದಲಿಸುತ್ತಾರೆ.

ಊರಿನ ದಲ್ಲಾಳಿ ಗುಂಟೆ ಲೆಕ್ಕದಲ್ಲಿ ಅಗ್ಗದ ಪ್ಲಾಟ್ ತೋರಿಸಿದರೆ ಎನ್‌ಎ ಆದೇಶ (ಜಮೀನು ಕೃಷಿಯೇತರ ಬಳಕೆಗೆ ಬದಲಾಗಿದೆ ಎಂಬ ಸರ್ಕಾರಿ ಆದೇಶ) ನೋಡದೆ ಮುಂಗಡ ಕೊಡಬೇಡಿ. ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾ ಪ್ರಕಾರ ಅನಿವಾಸಿಗಳು ಕೃಷಿ ಜಮೀನು ಖರೀದಿಸುವಂತಿಲ್ಲ. ತಂದೆಯ ತೊಗರಿ ಹೊಲ ವಾರಸಿನಲ್ಲಿ ಬಂದರೆ ಅದು ಬೇರೆ ಮಾತು. ರೀಟ್ ಕೊಳ್ಳುವುದಾದರೆ, ಈಗ ಮೊದಲು ಎನ್‌ಆರ್‌ಇ ಖಾತೆ (ಅನಿವಾಸಿಗಳು ವಿದೇಶದ ಗಳಿಕೆ ಇಡುವ ಭಾರತದ ಬ್ಯಾಂಕ್ ಖಾತೆ) ತೆರೆದು, ಅದಕ್ಕೆ ಜೋಡಿಸಿದ, ಷೇರು-ಯೂನಿಟ್‌ಗಳನ್ನು ಇಡುವ ಡಿಮ್ಯಾಟ್ ಖಾತೆ ಮಾಡಿಸಿಕೊಳ್ಳಿ.