ಸಾಲದಲ್ಲಿ ಮುಳುಗಿದವರಿಗೆ ಸರ್ಕಾರದ ದುಡ್ಡಲ್ಲಿ ವಕೀಲರು ಯಾಕೆ?

ಶಿರಸಿಯಲ್ಲಿರುವ ನಿಮ್ಮ ಅಕ್ಕ ದಿವಾಳಿ ಅರ್ಜಿಗೆ, ಅಂದರೆ ಸಾಲ ತೀರಿಸಲು ಆಗುವುದಿಲ್ಲ ಅಂತ ಕೋರ್ಟಿಗೆ ಹಾಕುವ ಅರ್ಜಿಗೆ, ಉಚಿತ ವಕೀಲರನ್ನು ಕೇಳಬಹುದಾ ಅಂತ ಕೇಳಿದ್ದೀರಿ. ‘ಸಾಲ ಮಾಡಿದವರಿಗೆ ಜನರ ತೆರಿಗೆ ದುಡ್ಡು ಯಾಕೆ’ ಅಂತ ಭಾವ ಬೇಡ ಅನ್ನುತ್ತಾರಂತೆ. ಕೇಳಬಹುದು. ಕೇಳಲೇಬೇಕು.

ನಮ್ಮ ಮನೆಯಲ್ಲಿ ಆಗಿದ್ದನ್ನೇ ಹೇಳುತ್ತೇನೆ. ಅಂಕೋಲಾ ಹತ್ತಿರ ನಮ್ಮ ಊರು. ಅಪ್ಪ ಸಾಲ ಮಾಡಿ ಮೀನಿನ ಟೆಂಪೋ ತಗೊಂಡಿದ್ದರು. ಜೂನ್, ಜುಲೈ ಬಂತೆಂದರೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಟೆಂಪೋ ನಿಂತರೂ ಕಂತು ನಿಲ್ಲುವುದಿಲ್ಲ. ಕಂತಿಗೆ ಕೈಸಾಲ, ಕೈಸಾಲಕ್ಕೆ ಬಡ್ಡಿ. ಕೊನೆಗೆ ಕೋರ್ಟಲ್ಲಿ ಡಿಕ್ರಿ ಆಯಿತು, ಅಂದರೆ ಸಾಲ ಕಟ್ಟಬೇಕು ಅಂತ ತೀರ್ಪು ಬಂತು. ಕೋರ್ಟಿನ ಅಮೀನರು ಸಾಮಾನು ಜಪ್ತಿಗೆ ಬರುತ್ತಾರೆ ಅಂತ ಯಾರೋ ಹೇಳಿದರು. ಆ ರಾತ್ರಿ ಆಯಿ, ಅಂದರೆ ಅಮ್ಮ, ಅನ್ನದ ಪಾತ್ರೆ, ಹಂಡೆ, ಹಾಸಿಗೆ ಎಲ್ಲವನ್ನೂ ಹಿತ್ತಿಲ ದಾರಿಯಲ್ಲಿ ಪಕ್ಕದ ಮನೆಗೆ ಸಾಗಿಸಿದಳು. ನಾನೂ ಹೊತ್ತೆ. ಕಡೆಗೆ ತಾಳಿಯನ್ನೂ ಬಿಚ್ಚಿ ಆ ಮನೆಯವರ ಕೈಗೆ ಕೊಟ್ಟಳು.

ಅದ್ಯಾವುದನ್ನೂ ಜಪ್ತಿ ಮಾಡುವಂತೆಯೇ ಇರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಸ್ಪಷ್ಟವಾಗಿದೆ. ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಧರ್ಮದ ಪ್ರಕಾರ ಹೆಂಗಸರು ತೆಗೆಯಬಾರದ ಒಡವೆ, ಇವನ್ನು ಮುಟ್ಟುವ ಹಾಗಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ಜೈಲಿಗೆ ಹಾಕುವಂತೆಯೂ ಇಲ್ಲ. ಒಬ್ಬ ವಕೀಲರು ಅರ್ಧ ಗಂಟೆ ಕೂತು ಇಷ್ಟು ಹೇಳಿದ್ದರೆ ಆಯಿ ಆ ರಾತ್ರಿ ನಿದ್ದೆ ಮಾಡುತ್ತಿದ್ದಳು.

ಭಾವನಿಗೆ ಒಂದು ಮಾತು ಹೇಳಿ. ಸಾಲ ವಸೂಲಿಗೆ ಸರ್ಕಾರದ ದುಡ್ಡು ಈಗಾಗಲೇ ಖರ್ಚಾಗುತ್ತಿದೆ. ಕೋರ್ಟು, ಅಮೀನರು, ಬೇಕಾದರೆ ಪೊಲೀಸರು, ಎಲ್ಲಾ ಅದೇ ದುಡ್ಡು ತಾನೇ? ಸಾಲಗಾರ ಮಾತ್ರ ಒಬ್ಬನೇ ನಿಲ್ಲಬೇಕಾ? ದೇಶದಲ್ಲಿ ಕಾನೂನು ನೆರವಿಗೆ ಆಗುವ ಖರ್ಚು ತಲೆಗೆ ವರ್ಷಕ್ಕೆ 7 ರೂಪಾಯಿಯೂ ಇಲ್ಲ ಅಂತ ರಾಜ್ಯಗಳ ನ್ಯಾಯ ವ್ಯವಸ್ಥೆಯನ್ನು ಅಳೆಯುವ ಇಂಡಿಯಾ ಜಸ್ಟೀಸ್ ರಿಪೋರ್ಟ್ 2025ರಲ್ಲಿ ಹೇಳಿದೆ. ಜೈಲಲ್ಲಿರುವವರ ಕೇಸು, ಜೀವನಾಂಶದ ಕೇಸು ಎಲ್ಲಾ ಅದರಲ್ಲೇ. ಇದು ಜಾಸ್ತಿ ಆಗಬೇಕು. ಅದರಲ್ಲೂ ಡಿಕ್ರಿ ಆಗುವ ಮೊದಲೇ ಸಾಲಗಾರರನ್ನು ಕೂರಿಸಿ ತಿಳಿಹೇಳುವುದಕ್ಕೆ ಖರ್ಚು ಮಾಡಬೇಕು.

ದಿವಾಳಿ ಅರ್ಜಿಯನ್ನು ಒಬ್ಬರೇ ನಿಭಾಯಿಸುವುದು ಕಷ್ಟ. 2016ರ ದಿವಾಳಿ ಸಂಹಿತೆಯಲ್ಲಿ ಬಡವರ ಸಣ್ಣ ಸಾಲ ಬಿಡಿಸಲು ಒಂದು ದಾರಿ ಇದೆ. ವರ್ಷದ ಆದಾಯ 60,000, ಸಾಲ 35,000 ಮೀರಬಾರದು. ಆ ಭಾಗ ಇನ್ನೂ ಜಾರಿಗೇ ಬಂದಿಲ್ಲ. ಹಾಗಾಗಿ ನಮ್ಮ ಜಿಲ್ಲೆಯವರಿಗೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅರ್ಜಿಯಲ್ಲಿ ಯಾರಿಗೆ ಎಷ್ಟು ಸಾಲ, ಏನೇನು ಆಸ್ತಿ, ಎಲ್ಲಾ ಬರೆಯಬೇಕು. ಕೋರ್ಟು ದಿವಾಳಿ ಅಂತ ಘೋಷಿಸಿದ ಮೇಲೂ ಮುಗಿಯಲಿಲ್ಲ. ಹೇಳಿದ ಅವಧಿಯೊಳಗೆ ಋಣಮುಕ್ತಿಗೆ ಮತ್ತೊಂದು ಅರ್ಜಿ ಹಾಕಬೇಕು. ಹಾಕದಿದ್ದರೆ ಘೋಷಣೆಯೇ ರದ್ದಾಗುತ್ತದೆ. ಮೋಸ ಮಾಡಿ ತಗೊಂಡ ಸಾಲಕ್ಕೆ ಋಣಮುಕ್ತಿಯೂ ಇಲ್ಲ. ಇದನ್ನೂ ಭಾವನಿಗೆ ಹೇಳಿ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಉಚಿತ ವಕೀಲರನ್ನು ಪಡೆಯಲು ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಅಕ್ಕ ಘಟ್ಟ ಇಳಿದು ಕಾರವಾರಕ್ಕೆ ಬರಬೇಕಾಗಿಲ್ಲ, ಶಿರಸಿಯ ತಾಲೂಕು ಕಾನೂನು ಸೇವಾ ಸಮಿತಿಗೇ ಅರ್ಜಿ ಕೊಡಬಹುದು. ಮೊದಲು ಫೋನಲ್ಲಿ ಕೇಳುವುದಾದರೆ 15100. ರಾಜಿಯಲ್ಲಿ ಕೇಸು ಮುಗಿಸುವ ಲೋಕ ಅದಾಲತ್‌ನಲ್ಲಿ ಕಂತು ಮಾಡಿಕೊಂಡು ಮುಗಿಸಲು ಆಗುತ್ತದಾ ಅಂತಲೂ ವಿಚಾರಿಸಿ. ಸಂಘದ ಪಾಸ್‌ಬುಕ್, ನೋಟಿಸು, ಕೈಚೀಟಿ, ಯಾವುದನ್ನೂ ಬಿಡದೆ ಒಂದು ಚೀಲಕ್ಕೆ ಹಾಕಿ. ಅಕ್ಕನನ್ನು ಒಬ್ಬಳನ್ನೇ ಕಳಿಸಬೇಡಿ, ನೀವೂ ಹೋಗಿ. ಅಮೀನರು ಬಾಗಿಲಿಗೆ ಬರುವ ತನಕ ಕಾಯಬೇಡಿ, ಈ ವಾರವೇ ಹೋಗಿ.