ತಪ್ಪಿದ ದಿನದ ಮರುದಿನ

ಪ್ರಶ್ನೆ: ನನಗೆ 43 ವರ್ಷ. ಕಚೇರಿ, ಮನೆ, ಒಂಬತ್ತು ವರ್ಷದ ಮಗಳು. ರಕ್ತದೊತ್ತಡ ಗಡಿಯಲ್ಲಿದೆ, ಜೀವನಕ್ರಮ ಬದಲಿಸಿಕೊಳ್ಳಿ ಎಂದು ವೈದ್ಯರು ಹೇಳಿ ಒಂದು ವರ್ಷವಾಯಿತು. ಬೆಳಿಗ್ಗೆ ಐದಕ್ಕೆ ಏಳುವುದು, ನಡಿಗೆ, ಧ್ಯಾನ, ಸಿಹಿ ಬಿಡುವುದು ಎಂದು ಮೂರು ಸಲ ಶುರುಮಾಡಿದೆ. ಒಮ್ಮೆಯೂ ಎರಡು ವಾರ ದಾಟಲಿಲ್ಲ. ಒಂದು ದಿನ ತಪ್ಪಿದರೆ ಎಲ್ಲವೂ ನಿಂತುಹೋಗುತ್ತದೆ. ನಡಿಗೆಗೆಂದು ಕೊಂಡ ಬೂಟುಗಳು ಮತ್ತೆ ಮಂಚದ ಕೆಳಗಿನ ಪೆಟ್ಟಿಗೆ ಸೇರಿವೆ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡುತ್ತೇನೆ. ಮೊನ್ನೆ ಮಗಳು ಬಾಗಿಲಲ್ಲೇ ನಿಂತು, ‘ಅಮ್ಮಾ, ಇವತ್ತು ನಿನಗೆ ಕೋಪ ಇದೆಯಾ?’ ಎಂದು ಕೇಳಿದಳು. ನನಗೆ ಮನೋಬಲವೇ ಇಲ್ಲವೇ?

ಉತ್ತರ: ನಿಮ್ಮ ಮಗಳ ಪ್ರಶ್ನೆ ಓದಿ ನನ್ನ ಕರುಳೂ ಚುರ್ ಎಂದಿತು. ಆದರೆ ಅವಳು ಹೆದರಿ ಮೂಲೆ ಸೇರಲಿಲ್ಲ, ನಿಮ್ಮನ್ನೇ ಕೇಳಿದಳು. ಅಷ್ಟು ಸಲಿಗೆ ನಿಮ್ಮಿಬ್ಬರ ನಡುವೆ ಉಳಿದಿದೆ.

ಮನೋಬಲ ಇಲ್ಲದವರು ಮೂರನೆಯ ಸಲ ಶುರುಮಾಡುವುದಿಲ್ಲ. ಲೆಕ್ಕವನ್ನಷ್ಟೇ ನೋಡಿ: ಒಂದು ಗಂಟೆಗೆ ಮಲಗಿ ಐದಕ್ಕೆ ಎದ್ದರೆ ನಾಲ್ಕು ತಾಸಿನ ನಿದ್ದೆ. ವಯಸ್ಕರಿಗೆ ಕನಿಷ್ಠ ಏಳು ತಾಸು ಬೇಕು. ನಿದ್ದೆಗೆಟ್ಟ ದೇಹಕ್ಕೆ ಸಿಹಿಯ ಆಸೆ ಹೆಚ್ಚು, ತಾಳ್ಮೆ ಕಡಿಮೆ, ರಕ್ತದೊತ್ತಡಕ್ಕೂ ಅದು ಒಳ್ಳೆಯದಲ್ಲ. ಅದರ ಮೇಲೆ ನಾಲ್ಕು ಹೊಸ ವ್ರತಗಳನ್ನು ಹೇರಿದಿರಿ. ಯಾರೇ ಆಗಿದ್ದರೂ ಕುಸಿಯುತ್ತಿದ್ದರು.

ಹಾಗಾಗಿ ಬೆಳಗಿನ ಐದು ಗಂಟೆಯನ್ನು ಸದ್ಯಕ್ಕೆ ಮರೆತುಬಿಡಿ. ರಾತ್ರಿಯಿಂದ ಶುರುಮಾಡೋಣ. ಎಲ್ಲರೂ ಮಲಗಿದ ಮೇಲೆ ನೀವು ಮೊಬೈಲ್ ಹಿಡಿಯುವುದು ಚಟದಿಂದಷ್ಟೇ ಎಂದು ನನಗನ್ನಿಸುವುದಿಲ್ಲ. ಇಡೀ ದಿನದಲ್ಲಿ ಯಾರೂ ನಿಮ್ಮನ್ನು ಕರೆಯದ, ಏನನ್ನೂ ಕೇಳದ ಹೊತ್ತು ಅದೊಂದೇ. ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ, ನಿದ್ದೆಯನ್ನಾದರೂ ಬಿಟ್ಟುಕೊಡುತ್ತದೆ. ಆ ಹಸಿವು ನ್ಯಾಯವಾದದ್ದು. ಅದನ್ನು ಸಂಜೆಯೇ ತಣಿಸಿ. ಕಚೇರಿಯಿಂದ ಬಂದ ಮೇಲೆ ಇಪ್ಪತ್ತು ನಿಮಿಷ ನಿಮ್ಮದು ಎಂದು ಮನೆಯವರ ಮುಂದೆ ಬಾಯಿಬಿಟ್ಟು ಹೇಳಿ. ಆ ಹೊತ್ತಿನ ಮನೆಗೆಲಸ ಇನ್ನೊಬ್ಬರು ಮಾಡಲಿ. ಇದನ್ನು ಕೇಳಲು ಸಂಕೋಚಪಡಬೇಡಿ. ಈ ಮಾತು ಆಗದಿದ್ದರೆ ಉಳಿದ ಯಾವ ಬದಲಾವಣೆಗೂ ಜಾಗವೇ ಇರುವುದಿಲ್ಲ. ಆಮೇಲೆ ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗಿಡಿ, ಎಬ್ಬಿಸಲು ಒಂದು ಅಲಾರಾಂ ಗಡಿಯಾರ ತನ್ನಿ. ಒಂದು ಗಂಟೆಯಿಂದ ಹತ್ತೂವರೆಗೆ ಹಾರಬೇಡಿ. ಮೊದಲ ವಾರ ಹನ್ನೆರಡೂವರೆ ಸಾಕು, ಮುಂದಿನ ವಾರ ಹನ್ನೆರಡು.

ಅಭ್ಯಾಸಕ್ಕೆ 21 ದಿನ ಸಾಕು ಎಂಬ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿ ತಾನಾಗಿ ನಡೆಯುವಂತಾಗಲು ಸರಿಸುಮಾರು 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದೆಂಬ ಅಂದಾಜು. ನಿಮಗೆ ಮುಖ್ಯವಾದ ಸಂಗತಿ ಬೇರೆಯೇ ಇದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಿರಲಿಲ್ಲ. ನೀವು ಸೋತೆ ಎಂದು ಬೂಟುಗಳನ್ನು ಪೆಟ್ಟಿಗೆಗೆ ಸೇರಿಸಿದ ದಿನ, ನಿಜದಲ್ಲಿ ಏನೂ ಕೆಟ್ಟಿರಲಿಲ್ಲ.

ಆ ಬೂಟುಗಳನ್ನು ಬಾಗಿಲ ಬಳಿ ಇಡಿ. ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಅವನ್ನು ಹಾಕಿಕೊಂಡು ಹತ್ತು ನಿಮಿಷ ನಡೆಯಿರಿ, ಬಂದರೆ ಮಗಳನ್ನೂ ಕರೆದುಕೊಳ್ಳಿ. ವಾರಕ್ಕೆ ಕನಿಷ್ಠ 150 ನಿಮಿಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಗುರಿಗೆ ನಿಧಾನವಾಗಿ ಹೋಗಬಹುದು. ಧ್ಯಾನ, ಸಿಹಿ ಎರಡೂ ಕಾಯಲಿ.

ವೈದ್ಯರನ್ನು ಮಾತ್ರ ಕಾಯಿಸಬೇಡಿ. ವರ್ಷದ ಹಿಂದಿನ ರಕ್ತದೊತ್ತಡದ ಅಳತೆಯನ್ನು ನೆಚ್ಚಿಕೊಳ್ಳದೆ ಈ ವಾರವೇ ಪರೀಕ್ಷಿಸಿಕೊಳ್ಳಿ. ನಿದ್ದೆ ಸುಧಾರಿಸಿದ ಮೇಲೂ ಸಿಡಿಮಿಡಿ, ಬೇಸರ ಎರಡು ವಾರಕ್ಕೂ ಮೀರಿ ಉಳಿದರೆ ಅದನ್ನೂ ಅವರಿಗೆ ಹೇಳಿ.

ಮಗಳಿಗೆ ಇವತ್ತೇ ಉತ್ತರ ಕೊಡಿ: ‘ಕೋಪ ಇದೆ ಪುಟ್ಟಾ, ಆದರೆ ನಿನ್ನ ಮೇಲಲ್ಲ. ಅಮ್ಮನಿಗೆ ನಿದ್ದೆ ಸಾಲುತ್ತಿಲ್ಲ, ಸರಿಮಾಡಿಕೊಳ್ಳುತ್ತಿದ್ದೇನೆ.’

ನಡಿಗೆ ತಪ್ಪುವ ದಿನ ಬಂದೇ ಬರುತ್ತದೆ. ಅದರ ಮರುದಿನ ನೀವೇನು ಮಾಡಿದಿರಿ ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.